ಓದಿಲೋನನ ಮಂಡಿಯೂ ಅಪ್ಪನ ಸೀಟೂ

"ಈ ಮಂಡಿ ಎರಡು ಹೋಳಾದರೂ ಸರಿ, ಕಾಗೆದಿಬ್ಬದ ಮೇಲೆ ನನ್ನ ಪಾದ ನೆಲ ಮುಟ್ಟೋದಿಲ್ಲ!"

ಅಡುಗೆಮನೆಯ ನಟ್ಟನಡುವೆ ನಿಂತು ಓದಿಲೋನ್ ಹೀಗೆ ಭೀಷಣ ಪ್ರತಿಜ್ಞೆ ಮಾಡಿದಾಗ ಅವನ ಕೈಯಲ್ಲಿ ಖಡ್ಗವಿರಲಿಲ್ಲ, ರೇಜರ್ ಇತ್ತು. ಒಂದು ಕಾಲು ನುಣ್ಣಗೆ ಬೋಳಿಸಿಯಾಗಿತ್ತು, ಇನ್ನೊಂದಕ್ಕೆ ಸೋಪಿನ ನೊರೆ ಹಚ್ಚಿತ್ತು. ಬೆಲ್ಜಿಯಂ ದೇಶದ ಫ್ಲಾಂಡರ್ಸ್‌ನ ಸೈಕಲ್ ಸವಾರ ಗಡ್ಡವನ್ನಾದರೂ ವಾರಗಟ್ಟಲೆ ಬಿಟ್ಟಾನು, ಕಾಲಿನ ಕೂದಲನ್ನು ಬಿಡಲಾರ!

ಹೆಂಡತಿ ಗೊದಲೀವ ಆಲೂಗಡ್ಡೆ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ. "ಮೊದಲು ಕುರ್ಚಿಯಿಂದ ಏಳುವಾಗ 'ಅಯ್ಯಯ್ಯೋ' ಅನ್ನೋದು ನಿಲ್ಲಿಸು ಮಹರಾಯ. ದಿಬ್ಬದ ಮಾತು ಆಮೇಲೆ."

ಅವಳಿಗೇನು ಗೊತ್ತು ಅವನ ಸಂಕಟ! ಊರಿನ ಸೈಕಲ್ ಸಂಘದಲ್ಲಿ ಹದಿನೆಂಟು ಜನ. ಈಸ್ಟರ್ ಕಳೆದ ಮೊದಲ ಭಾನುವಾರ ಎಲ್ಲರೂ ಸೇರಿ ಕಾಗೆದಿಬ್ಬ ಹತ್ತುವುದು ವಾಡಿಕೆ. ಕಡಿದಾದ ದಾರಿ, ಅದರ ತುಂಬಾ ಬ್ರೆಡ್ಡಿನ ಗಾತ್ರದ ಉಬ್ಬುಗಲ್ಲುಗಳು. ನಿಯಮ ಒಂದೇ ಒಂದು: ತುದಿಯಲ್ಲಿ ಸೈಕಲ್ ನಿಲ್ಲಿಸುವ ಮೊದಲೇ ಸಂಘದ ನಾಯಕನ ಪಾದ ನೆಲಕ್ಕೆ ತಾಗಿದರೆ, ಅವನ ಕೊರಳಿನ ಪೀಪಿ ನಿಂತ ನಿಲುವಿನಲ್ಲೇ ಹಿಂದಿನವನ ಕೊರಳಿಗೆ. ಹತ್ತೊಂಬತ್ತು ವರ್ಷಗಳಿಂದ ಆ ಪೀಪಿ ಓದಿಲೋನನದು. ಅಂಚೆ ಕೆಲಸದಿಂದ ನಿವೃತ್ತನಾದಾಗ ಸರ್ಕಾರ ಚೀಲ ಕಿತ್ತುಕೊಂಡಿತು, ಪೀಪಿಯನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಆ 'ಹಿಂದಿನವನು' ಗೊದಲೀವಳ ತಮ್ಮ ರೆಮಿ. ಹನ್ನೊಂದು ವರ್ಷಗಳಿಂದ ಅವನು ಭಾವನ ಬೆನ್ನನ್ನಲ್ಲ, ಪಾದವನ್ನೇ ನೋಡುತ್ತಾ ದಿಬ್ಬ ಹತ್ತುತ್ತಿದ್ದ.

"ಭಾವಾ, ಮಂಡಿ ಹೇಗಿದೆ?" ಎಂದು ಬ್ರೆಡ್ಡಿನ ಅಂಗಡಿಯಲ್ಲಿ ದಿನವೂ ಕೇಳುತ್ತಿದ್ದ.

"ಕಲ್ಲಿದ್ದ ಹಾಗಿದೆ!"

"ಹೌದಾ? ಮಡಿಸೋಕೆ ಬರ್ತಾ ಇಲ್ಲ ಅನ್ನು!"

ಕೊನೆಗೆ ಗೊದಲೀವಳೇ ಗಂಡನನ್ನೂ ಅವನ ಸೈಕಲ್ಲನ್ನೂ ಫಿಸಿಯೋಥೆರಪಿಯ ತಿನೆಕೆಯ ಬಳಿಗೆ ಎಳೆದೊಯ್ದಳು. ಊರಿನ ಅರ್ಧ ಮಂಡಿಗಳು ತಿನೆಕೆಯ ಕೈಯಲ್ಲಿ ಹಾದುಹೋಗಿದ್ದವು. ಅವಳು ಓದಿಲೋನನ ಮಂಡಿಚಿಪ್ಪನ್ನು ಅದುಮಿದಳು, ತೊಡೆಯನ್ನು ತಟ್ಟಿದಳು, ಕಾಲನ್ನು ಟೇಪು ಹಿಡಿದು ಅಳೆದಳು, ಆಮೇಲೆ ಸೈಕಲ್ಲಿನ ಸೀಟನ್ನೂ ಅಳೆದು ನಕ್ಕೇಬಿಟ್ಟಳು.

"ಯಜಮಾನ್ರೇ, ಸೀಟು ಮೂರು ಬೆರಳು ತಗ್ಗಿದೆ. ಪ್ರತಿಸಲ ತುಳಿಯುವಾಗಲೂ ಮಂಡಿ ವಿಪರೀತ ಮಡಚಿ, ಮುಂಭಾಗ ಉಜ್ಜಿಹೋಗ್ತಿದೆ. ಸೀಟನ್ನ ವಾರಕ್ಕಿಷ್ಟು ಅಂತ ನಿಧಾನವಾಗಿ ಎತ್ತಿ. ಜೊತೆಗೆ ತೊಡೆಗೆ ಬಲ ಬರೋಕೆ ವ್ಯಾಯಾಮ ಮಾಡಿ."

ಓದಿಲೋನ್ ಎದ್ದು ನಿಂತ. "ತಾಯಿ, ಮಂಡಿ ಬೇಕಾದರೆ ಬಿಚ್ಚಿ ಇಟ್ಕೋ. ಸೀಟಿನ ತಂಟೆಗೆ ಬರಬೇಡ! ಅದು ನಮ್ಮಪ್ಪ ಇಟ್ಟ ಎತ್ತರ!"

ಮಾತು ನಿಜವೇ. ಅವನಪ್ಪ ಸುತ್ತಲ ಏಳು ಊರುಗಳ ರೇಸು ಗೆದ್ದವನು. ಆತನ ಸೀಟಿನ ಎತ್ತರವನ್ನು ಒಂದು ಕೋಲಿನ ಮೇಲೆ ಗೀರು ಹಾಕಿ ಇಡಲಾಗಿತ್ತು. ಓದಿಲೋನ್ ಜೀವನದಲ್ಲಿ ಕೊಂಡ ಆರು ಸೈಕಲ್ಲುಗಳಿಗೂ ಅದೇ ಕೋಲು, ಅದೇ ಗೀರು. ಸೀಟಿನ ಕಂಬಕ್ಕೆ ಗುರುತಿಗೊಂದು ಕೆಂಪು ಟೇಪು ಬೇರೆ!

"ನಿಮ್ಮಪ್ಪ ಎಷ್ಟು ಎತ್ತರ ಇದ್ದರು?" ಎಂದು ತಿನೆಕೆ ಕೇಳಿದಳು.

"ಇವನ ಕಿವಿಯಷ್ಟು," ಎಂದಳು ಗೊದಲೀವ.

"ಎತ್ತರದ ಮಾತು ಬೇಡ! ದೊಡ್ಡ ಮನುಷ್ಯ!" ಎಂದು ಓದಿಲೋನ್ ಸೈಕಲ್ ತಳ್ಳಿಕೊಂಡು ಹೊರಟೇಬಿಟ್ಟ. ಕುಂಟುತ್ತಲೇ, ಆದರೆ ಎದೆಯುಬ್ಬಿಸಿ!

ವ್ಯಾಯಾಮಕ್ಕೇನೋ ಒಪ್ಪಿದ. ಆದರೆ ತಿನೆಕೆ ಕೊಟ್ಟ ಹಳದಿ ರಬ್ಬರ್ ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಮಕ್ಕಳ ಚಡ್ಡಿಗೆ ಹಾಕೋ ಎಲಾಸ್ಟಿಕ್ಕು! ಹತ್ತೊಂಬತ್ತು ವರ್ಷದ ನಾಯಕನ ತೊಡೆಗೆ ಇದು ಸಾಕಾ?" ಎಂದು ಕಸದ ಬುಟ್ಟಿಗೆಸೆದ. ಗ್ಯಾರೇಜಿನಿಂದ ಹಳೇ ಟ್ಯೂಬೊಂದನ್ನು ತಂದು, ಒಂದು ತುದಿಯನ್ನು ಉಗ್ರಾಣದ ಬಾಗಿಲ ಹಿಡಿಗೆ ಕಟ್ಟಿ, ಇನ್ನೊಂದನ್ನು ಪಾದಕ್ಕೆ ಸಿಕ್ಕಿಸಿ, ಕುರ್ಚಿಯಲ್ಲಿ ಕೂತು ಎಳೆದ. ಹತ್ತು ಸಲ ಎಂದಿದ್ದಳು ತಿನೆಕೆ. ಅವನು ನಲವತ್ತಕ್ಕೆ ಬಂದಿದ್ದ!

ನಲವತ್ತೊಂದನೆಯ ಎಳೆತಕ್ಕೆ ಹಿಡಿ ಕಿತ್ತು ಬಂತು. ಅದು ಓದಿಲೋನನ ತಲೆಯ ಮೇಲಿಂದ ಗುಂಡಿನಂತೆ ಹಾರಿ ಗೋಡೆಗಡಿಯಾರಕ್ಕೆ ಬಡಿಯಿತು. ಓದಿಲೋನ್ ಕುರ್ಚಿಸಮೇತ ಹಿಂದಕ್ಕೆ ಉರುಳಿದ. ಉರುಳುವಾಗ ಆಸರೆಗೆಂದು ಮೇಜುಬಟ್ಟೆ ಹಿಡಿದ. ಮೇಜುಬಟ್ಟೆಯ ಮೇಲೆ, ಗೊದಲೀವ ಮೂರು ಗಂಟೆ ಬಿಯರಿನಲ್ಲಿ ಬೇಯಿಸಿದ ದನದ ಮಾಂಸದ ಪಾತ್ರೆ ಇತ್ತು. ಇತ್ತು ಎಂದೆ, ಇದೆ ಎನ್ನಲಿಲ್ಲ!

ಗೊದಲೀವ ಓಡಿ ಬಂದಳು. ಗಂಡನ ಎದೆಯ ಮೇಲೆ ಊಟವಿತ್ತು, ಊಟದ ಮೇಲೆ ಬೆಕ್ಕಿತ್ತು.

"ಏನಿದು?"

"ತೊಡೆಗೆ ಬಲ ಬರ್ತಿದೆ!" ಎಂದ ಅವನು ಮಲಗಿದಲ್ಲಿಂದಲೇ.

ಆ ಕ್ಷಣದಲ್ಲಿ ಗೊದಲೀವಳಿಗೆ ಒಂದು ಭಯಂಕರ ಸತ್ಯ ಹೊಳೆಯಿತು. ಇವನು ಪೀಪಿ ಕಳೆದುಕೊಂಡರೆ ಸೈಕಲ್ ಬಿಡುತ್ತಾನೆ. ಸೈಕಲ್ ಬಿಟ್ಟರೆ ಭಾನುವಾರವೂ ಮನೆಯಲ್ಲೇ ಇರುತ್ತಾನೆ. ಪ್ರತಿ ಭಾನುವಾರ! ಬದುಕಿರುವ ತನಕ! ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡು ನೇರ ಗ್ಯಾರೇಜಿಗೆ ನಡೆದಳು. ದಿಬ್ಬದ ದಿನ ಮಾರನೆಯದೇ. ವಾರಕ್ಕಿಷ್ಟು ಎಂದು ಎತ್ತಲು ವಾರಗಳೆಲ್ಲಿವೆ? ಮೂರೂ ಬೆರಳನ್ನು ಒಂದೇ ಸಲಕ್ಕೆ ಎತ್ತಿ, ತಿರುಪು ಬಿಗಿದು, ಕೆಂಪು ಟೇಪನ್ನು ಬಿಚ್ಚಿ ಹೊಸ ಜಾಗದಲ್ಲಿ ಅಚ್ಚುಕಟ್ಟಾಗಿ ಸುತ್ತಿದಳು.

ಭಾನುವಾರ ಬೆಳಿಗ್ಗೆ ಓದಿಲೋನ್ ಟೇಪಿನ ಮೇಲೆ ಕಣ್ಣಾಡಿಸಿದ. ಸರಿಯಾಗಿದೆ. ಎಂದಿನಂತೆ ಬಾಗಿಲ ಮುಂದಿನ ಕಲ್ಲುಮೆಟ್ಟಿಲ ಮೇಲೆ ಕಾಲಿಟ್ಟು ಸೀಟೇರಿ ಹೊರಟ. ಏನೋ ಬದಲಾಗಿತ್ತು! ನಲವತ್ತು ವರ್ಷ ಬರೀ ಬೇಲಿ ಕಂಡಿದ್ದ ಕಡೆ ಈಗ ಬೇಲಿಯಾಚೆಯ ಈರುಳ್ಳಿ ಮಡಿಗಳು ಕಾಣುತ್ತಿದ್ದವು. ದಿಬ್ಬದ ಬುಡಕ್ಕೆ ಬಂದರೂ ಮಂಡಿ ತುಟಿಪಿಟಕ್ಕೆನ್ನಲಿಲ್ಲ.

"ರೆಮೀ! ಟ್ಯೂಬು ಕಣೋ, ಟ್ಯೂಬು! ಒಂದೇ ದಿನಕ್ಕೆ ಮನುಷ್ಯ ಬೆಳೀತಾನೆ!" ಎಂದು ಹಿಂದಕ್ಕೆ ಕೂಗಿದ.

"ಮುಂದೆ ನೋಡ್ಕೊಂಡು ತುಳಿ ಭಾವಾ!"

ತುಳಿದ. ಹೇಗೆ ತುಳಿದ ಎನ್ನುತ್ತೀರಿ! ಸೈಕಲ್ಲು ಕುಣಿಯಿತು, ಹಲ್ಲು ಕಟಕಟಿಸಿತು, ಹಿಂದಿನವರು ಒಬ್ಬೊಬ್ಬರಾಗಿ ಇಳಿದು ತಳ್ಳತೊಡಗಿದರು. ಓದಿಲೋನ್ ಮಾತ್ರ ಪೀಪಿ ಊದುತ್ತಾ ತುದಿ ತಲುಪಿದ. ಅಲ್ಲಿನ ಹೆಂಡದಂಗಡಿಯ ಮುಂದೆ ಸವಾರರ ಹೆಂಡತಿಯರೆಲ್ಲ ತಮ್ಮ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ, ಮೇಜಿನ ಮೇಲೆ ಹದಿನೆಂಟು ಲೋಟ ಬಿಯರ್ ತುಂಬಿಸಿಟ್ಟು ಕಾಯುತ್ತಿದ್ದರು. ತಿನೆಕೆಯೂ ಬಂದಿದ್ದಳು.

ಓದಿಲೋನನಿಗೆ ನಿಲ್ಲುವುದಕ್ಕೊಂದು ಗತ್ತಿದೆ. ಸೀಟಿನಿಂದ ಇಳಿಯದೆ, ಎಡಪಾದವನ್ನು ಮೆಲ್ಲಗೆ ನೆಲಕ್ಕೂರಿ, ಪ್ರತಿಮೆಯ ಹಾಗೆ ನಿಲ್ಲುವುದು. ಅದೇ ಗತ್ತಿನಲ್ಲಿ ಬ್ರೇಕ್ ಹಿಡಿದು ಪಾದ ಚಾಚಿದ. ನೆಲ ಸಿಗಲಿಲ್ಲ! ಇನ್ನಷ್ಟು ಚಾಚಿದ. ಉಹೂಂ. ಪ್ರತಿಮೆ ಎಡಕ್ಕೆ ವಾಲಿತು, ಇನ್ನೂ ವಾಲಿತು, ಸಾಲಿನ ಮೊದಲ ಸೈಕಲ್ಲಿನ ಮೇಲೆ ಬಿತ್ತು. ಅದು ಎರಡನೆಯದರ ಮೇಲೆ, ಎರಡನೆಯದು ಮೂರನೆಯದರ ಮೇಲೆ, ಹದಿಮೂರನೆಯದು ಮೇಜಿನ ಮೇಲೆ. ಹದಿನೆಂಟು ಲೋಟ ಬಿಯರ್ ಕಾಗೆದಿಬ್ಬಕ್ಕೆ ಅಭಿಷೇಕವಾಯಿತು.

ಏದುಸಿರು ಬಿಡುತ್ತಾ ರೆಮಿ ಬಂದ. "ಮುಟ್ತು! ನಿಲ್ಲಿಸೋಕೆ ಮೊದಲೇ ನೆಲ ಮುಟ್ತು! ತಾ ಪೀಪಿ!"

ಸೈಕಲ್ ರಾಶಿಯ ಒಳಗಿಂದ ಗರ್ಜನೆ ಕೇಳಿತು. "ಯಾವನೋ ಹೇಳಿದ್ದು? ಪಾದ ನೋಡೋ! ಪಾದ!"

ಎಲ್ಲರೂ ನೋಡಿದರು. ಬೆನ್ನು ನೆಲಕ್ಕೆ ತಾಗಿತ್ತು, ಮೊಣಕೈ ತಾಗಿತ್ತು, ಒಂದು ಕಿವಿ ಕೂಡ ತಾಗಿತ್ತು. ಎರಡು ಪಾದಗಳು ಮಾತ್ರ ಆಕಾಶಕ್ಕೆ ನೆಟ್ಟಗೆ ನಿಂತಿದ್ದವು. ಸಂಘ ಗುಸುಗುಸು ಮಾಡಿತು. ನಿಯಮದಲ್ಲಿರುವುದು ಪಾದ. ಪೀಪಿ ಉಳಿಯಿತು!

ತಿನೆಕೆ ಅವನ ಮೊಣಕೈಗೆ ಪಟ್ಟಿ ಸುತ್ತುತ್ತಿದ್ದಾಗ ಅವನ ಕಣ್ಣು ಸೀಟಿನ ಮೇಲೆ ಬಿತ್ತು. ಎದ್ದು ಪಕ್ಕದಲ್ಲಿ ನಿಂತು ನೋಡಿದ. ತೊಡೆಗೆ ಬರಬೇಕಾದದ್ದು ಸೊಂಟಕ್ಕೆ ಬಂದಿತ್ತು.

"ಯಾರು? ಅಪ್ಪನ ಸೀಟು ಮುಟ್ಟಿದ್ದು ಯಾರು?"

"ನಾನು," ಎಂದಳು ಗೊದಲೀವ.

"ನೀನಾ! ನಾನು ಬಿದ್ದದ್ದು ನಿನ್ನಿಂದ!"

"ಹೌದು, ನನ್ನಿಂದಲೇ. ಹತ್ತಿದ್ದು ಯಾರಿಂದ?"

ಓದಿಲೋನ್ ಲೆಕ್ಕ ಹಾಕಿದ. ಬಿದ್ದದ್ದಕ್ಕೆ ಸೀಟು ಕಾರಣ ಎಂದರೆ ಹತ್ತಿದ್ದಕ್ಕೂ ಸೀಟೇ ಕಾರಣ ಎನ್ನಬೇಕು. ರೆಮಿ ಹಲ್ಲು ಕಿರಿಯುತ್ತಾ ಸ್ಪ್ಯಾನರ್ ಮುಂದೆ ಹಿಡಿದ. "ತಗೋ ಭಾವಾ. ಮೂರು ಬೆರಳು ಇಳಿಸು. ಅಪ್ಪನ ಮರ್ಯಾದೆ ಮುಖ್ಯ."

ಊರಿಗೆ ಊರೇ ನೋಡುತ್ತಿತ್ತು. ಓದಿಲೋನ್ ಸ್ಪ್ಯಾನರ್ ಇಸಿದುಕೊಂಡು ಸೀಟನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ ಸ್ಪ್ಯಾನರನ್ನು ಚರಂಡಿಗೆ ಎಸೆದ. "ನಾಯಕ ಅಂದಮೇಲೆ ಎತ್ತರದಲ್ಲೇ ಕೂರಬೇಕು! ನಡೀರಿ ಮನೆಗೆ!"

ಹೇಳಿದ್ದೇನೋ ಸರಿ, ಹತ್ತುವುದು ಹೇಗೆ? ಒಂದು ಕೈಗೆ ಪಟ್ಟಿ, ಸೊಂಟದಲ್ಲಿ ನೋವು. ಒಮ್ಮೆ ನೆಗೆದ, ಆಗಲಿಲ್ಲ. ಇನ್ನೊಮ್ಮೆ ನೆಗೆದ, ಸೈಕಲ್ಲೇ ಮುಂದೆ ಹೋಯಿತು. ಕೊನೆಗೆ ಗೊದಲೀವಳ ಕಿವಿಯ ಬಳಿ ಬಗ್ಗಿ, "ಸ್ವಲ್ಪ ಹಿಡ್ಕೋತೀಯಾ?" ಎಂದು ಪಿಸುಗುಟ್ಟಿದ.

ಹಿಡಿದಳು. ಸೀಟಿನ ಹಿಂಭಾಗವನ್ನು ಗಟ್ಟಿಯಾಗಿ ಹಿಡಿದು, ಅವನನ್ನು ಹತ್ತಿಸಿ, ಸಂಘದ ಹದಿನೇಳು ಜನರ ಕಣ್ಣೆದುರೇ ತಳ್ಳಿಕೊಂಡು ಓಡಿದಳು. ಓದಿಲೋನ್ ಕತ್ತು ಹಿಂದೆ ತಿರುಗಿಸದೆ, ಎಲ್ಲರಿಗೂ ಕೇಳುವ ಹಾಗೆ ಗುಡುಗಿದ:

"ಸಾಕು, ಬಿಡೇ! ನನಗೇನು ಸೈಕಲ್ ಬರಲ್ವಾ? ಬಿಡು ಅಂದೆ!"

"ಬಿಟ್ಟು ಆಗಲೇ ಎಷ್ಟು ಹೊತ್ತಾಯ್ತೋ ಮಹರಾಯ!" ಎಂಬ ದನಿ ಬಹಳ ದೂರದಿಂದ, ದಿಬ್ಬದ ಮೇಲಿಂದ ಕೇಳಿಬಂತು.