ಮೇಬ್ರಿಯನ್ನು ಎಬ್ಬಿಸೋದೋ ಕೂರಿಸೋದೋ

ಚೆಸ್ಟರ್: ಮೂರು ಲಕ್ಷ ಡಾಲರ್ ಕಣೋ. ಹೋದ ವರ್ಷದ್ದು, ಇನ್ನೂ ಮೇಬ್ರಿಗೆ ಬರಬೇಕು. ಚೆಂಡು ಹಿಡಿದು ಸಾವಿರ ಗಜ ಓಡಿದರೆ ಇನಾಮು ಅಂದರು ತಂಡದ ಯಜಮಾನರು. ಒಂಬೈನೂರ ತೊಂಬತ್ತಾರಕ್ಕೆ ಬಂದಾಗ ‘ದಣಿದಿದ್ದೀಯ ಮಗಾ’ ಅಂತ ಬೆಂಚಿಗೆ ಕೂರಿಸಿದರು.

ವರ್ಜಿಲ್: ಅದು ಹೋದ ವರ್ಷದ ಮಾತು. ಈ ವರ್ಷದ್ದು ಹೇಳು. ಎರಡು ಭಾನುವಾರದಲ್ಲಿ ಮೂರು ಸಲ ಚೆಂಡು ಬೀಳಿಸಿದ. ಎಣ್ಣೆ ಸವರಿದ ಹಂದಿಮರಿ ಹಿಡಿದ ಹಾಗೆ ಹಿಡೀತಾನೆ.

ಒಹಾಯೊದ ಜನವರಿ. ಚೆಸ್ಟರನ ಕಾರು ಹೊರಗೆ ಹಿಮದಲ್ಲಿ, ಟೀವಿ ಗ್ಯಾರೇಜಿನಲ್ಲಿ ಬೆಚ್ಚಗೆ. ಗಂಟೆ ಹನ್ನೆರಡೂವರೆ. ಒಂದಕ್ಕೆ ಅಮೆರಿಕನ್ ಫುಟ್‌ಬಾಲ್ ಆಟ.

ಉಕ್ಕಿನ ಕಾರ್ಖಾನೆ ಮುಚ್ಚಿ ತುಕ್ಕು ಹಿಡಿದ ಮೇಲೂ ಕಾರ್ಮಿಕ ಸಂಘದ ಹನ್ನೆರಡು ಮುದುಕರು ತಮ್ಮೊಳಗಿನ ಒಂದು ಬಾಜಿಯನ್ನು ಬಿಟ್ಟಿರಲಿಲ್ಲ. ನಿಜದ ಆಟಗಾರರನ್ನು ಹೆಕ್ಕಿ ಫೋನಿನಲ್ಲಿ ತಮ್ಮದೊಂದು ತಂಡ ಕಟ್ಟಬೇಕು. ಅವರು ಮೈದಾನದಲ್ಲಿ ಮಾಡಿದ್ದಕ್ಕೆಲ್ಲ ಇವರಿಗೆ ಅಂಕ. ವರ್ಷದ ಕೊನೆಗೆ ತಳದಲ್ಲಿ ಉಳಿದವನು ಕಾರ್ಮಿಕ ದಿನದ ಮೆರವಣಿಗೆಯಲ್ಲಿ ‘ನಾನು ಮುಷ್ಕರ ಮುರಿದೆ’ ಅನ್ನೋ ಹಲಗೆ ಕೊರಳಿಗೆ ಕಟ್ಟಿಕೊಂಡು ನಡೆಯಬೇಕು. ಮುಷ್ಕರದಲ್ಲಿ ಹದಿನಾಲ್ಕು ತಿಂಗಳು ಕಾರ್ಖಾನೆಯ ಗೇಟಿನಲ್ಲಿ ನಿಂತು, ಲಾಠಿಗೆ ಎರಡು ಹಲ್ಲು ಕೊಟ್ಟ ಚೆಸ್ಟರನಿಗೆ ಆ ಹಲಗೆಗಿಂತ ಶವಪೆಟ್ಟಿಗೆ ವಾಸಿ.

ಇವತ್ತು ಕೊನೆಯ ಭಾನುವಾರ. ತಳದಲ್ಲಿ ಇಬ್ಬರೇ, ಇವನು ಮತ್ತು ವರ್ಜಿಲ್, ಎದುರುಬದುರು. ಮೇಬ್ರಿ ಚೆಸ್ಟರನ ಪಾಲಿನವನು, ಚೆಂಡು ಅವಚಿಕೊಂಡು ನುಗ್ಗುವ ರನ್ನಿಂಗ್ ಬ್ಯಾಕ್. ಬುಧವಾರ ಸಿಟ್ಟಿನಲ್ಲಿ ಚೆಸ್ಟರ್ ಅವನ ಹೆಸರನ್ನು ಬೆಂಚಿಗೆ ತಳ್ಳಿದ್ದ. ಗಂಟೆ ಒಂದಾಗುವುದರೊಳಗೆ ಬದಲಿಸಬಹುದು. ಆಮೇಲೆ ಬೀಗ.

ವರ್ಜಿಲ್: ಅಭ್ಯಾಸ ಶಿಬಿರಕ್ಕೆ ಐದು ವಾರ ಬರಲೇ ಇಲ್ಲ. ಮಿಕ್ಕವರು ಬಿಸಿಲಲ್ಲಿ ಬೆಂದರು, ಇವನು ಮನೇಲಿ ಕಾಲು ಚಾಚಿದ್ದ. ಅಂಥೋನ್ನ ನಂಬ್ತೀಯಾ?

ಚೆಸ್ಟರ್: ಕೊಡೋದು ಕೊಡಿ, ಬರ್ತೀನಿ ಅಂದ. ನಾವೇನು ಹದಿನಾಲ್ಕು ತಿಂಗಳು ಗೇಟಲ್ಲಿ ಹೂ ಕಟ್ತಿದ್ವಾ?

ವರ್ಜಿಲ್: ನಾವು ಎಂಟುನೂರು ಜನ. ಒಬ್ಬನೇ ಕೂತರೆ ಅದು ಮುಷ್ಕರ ಅಲ್ಲ, ಮುನಿಸು.

ಚೆಸ್ಟರ್: ನಿನ್ನ ಹೆಂಡತಿ ಅಡುಗೆ ಬಿಟ್ಟು ಒಬ್ಬಳೇ ಕೂತಾಗ ಆರು ವಾರ ಡಬ್ಬದ ಸೂಪು ಕುಡಿದೆಯಲ್ಲ, ಅದು?

ವರ್ಜಿಲ್: ಅದು ಬೀಗಮುದ್ರೆ. ಹೊರಗಿದ್ದೋನು ನಾನು.

ಚೆಸ್ಟರ್: ತಡಿ ತಡಿ. ನೀನು ನನ್ನ ಎದುರಾಳಿ. ಅವನನ್ನ ಆಡಿಸಬೇಡ ಅಂತ ಯಾಕೆ ಹೇಳ್ತಿದ್ದೀಯ?

ವರ್ಜಿಲ್: ಒಳ್ಳೇದಕ್ಕೆ.

ಚೆಸ್ಟರ್: ಯಾರ ಒಳ್ಳೇದಕ್ಕೆ? ಅಂದರೆ ಇವತ್ತು ಅವನು ಓಡ್ತಾನೆ.

ವರ್ಜಿಲ್: ಸರಿ, ಆಡಿಸು.

ಚೆಸ್ಟರ್: ಓಹೋ. ಅಂದರೆ ಬೀಳಿಸ್ತಾನೆ.

ವರ್ಜಿಲ್: ನಾನು ಬಾಯೇ ಬಿಡಲ್ಲಪ್ಪ.

ಚೆಸ್ಟರ್: ನೀನು ಬಾಯಿ ಮುಚ್ಚಿದರೇ ನನಗೆ ಭಯ. ತೊಂಬತ್ತೊಂದರ ಒಪ್ಪಂದದ ಮಾತುಕತೆಯಲ್ಲಿ ಹೀಗೇ ಮುಚ್ಚಿದ್ದೆ. ನಮ್ಮ ಊಟದ ಬಿಡುವಿನಲ್ಲಿ ಹತ್ತು ನಿಮಿಷ ಕಡಿತವಾಯ್ತು.

ಚೆಸ್ಟರನ ಹೆಂಡತಿ ಡಾರ್ಲೀನ್ ಕಾಳು-ಮಾಂಸದ ಸಾರಿನ ಪಾತ್ರೆ ಹಿಡಿದು ಬಂದಳು. ಮುಷ್ಕರದ ಅಡುಗೆಮನೆ ನಡೆಸಿದವಳು. ಗಂಡಸರ ಗದ್ದಲ ಅವಳಿಗೆ ಕುಕ್ಕರಿನ ಸದ್ದಿದ್ದ ಹಾಗೆ.

ಡಾರ್ಲೀನ್: ಇಷ್ಟಕ್ಕೆ ಇಷ್ಟು ರಂಪವಾ? ಮತಕ್ಕೆ ಹಾಕಿ.

ಕೆಟ್ಟಿದ್ದೇ ಅಲ್ಲಿ. ಇಬ್ಬರೂ ಎದ್ದು ನಿಂತು ಟೋಪಿ ತೆಗೆದರು. ಸಂಘದ ಚಾಳಿ, ಸಂಘ ಸತ್ತರೂ ಸಾಯದು.

ಚೆಸ್ಟರ್: ಸೋದರಿ ಅಧ್ಯಕ್ಷರೇ, ಸೋದರ ಮೇಬ್ರಿಯವರನ್ನು ಬೆಂಚಿನಿಂದ ಎಬ್ಬಿಸಬೇಕೆಂದು ನಿರ್ಣಯ ಮಂಡಿಸುತ್ತೇನೆ.

ವರ್ಜಿಲ್: ಅನುಮೋದಿಸೋರು ಯಾರು?

ಚೆಸ್ಟರ್: ನೀನೇ. ಇನ್ಯಾರಿದ್ದಾರೆ ಇಲ್ಲಿ?

ವರ್ಜಿಲ್: ವಿರೋಧಿಸೋನು ಅನುಮೋದಿಸೋದು ಹ್ಯಾಗೆ?

ಡಾರ್ಲೀನ್: ಚರ್ಚೆಗೋಸ್ಕರ ಅನುಮೋದಿಸಬಹುದು. ಗಂಟೆ ಹನ್ನೆರಡು ನಲವತ್ತೆಂಟು.

ವರ್ಜಿಲ್: ಚರ್ಚೆಗೋಸ್ಕರ ಮಾತ್ರ, ಬರ್ಕೊಳ್ಳಿ. ತಿದ್ದುಪಡಿ ಒಂದಿದೆ. ‘ಮೊದಲರ್ಧಕ್ಕೆ ಮಾತ್ರ’ ಅಂತ ಸೇರಿಸಬೇಕು.

ಚೆಸ್ಟರ್: ಆಟದ ನಡುವೆ ಇಳಿಸೋಕೆ ಬರಲ್ಲ. ಕ್ರಮಬದ್ಧವಲ್ಲ.

ವರ್ಜಿಲ್: ಅದನ್ನ ಅಧ್ಯಕ್ಷರು ಹೇಳಲಿ.

ಡಾರ್ಲೀನ್: ಕ್ರಮಬದ್ಧವಲ್ಲ.

ವರ್ಜಿಲ್: ತೀರ್ಪಿನ ಮೇಲೆ ಮೇಲ್ಮನವಿ. ಅಧ್ಯಕ್ಷರು ಮಂಡಿಸಿದವನ ಹೆಂಡತಿ. ಪಕ್ಷಪಾತ.

ಡಾರ್ಲೀನ್: ನಲವತ್ನಾಲ್ಕು ವರ್ಷ ಇವನ ಜೊತೆ ಬಾಳಿದ್ದೀನಿ. ಇವನ ಪಕ್ಷ ವಹಿಸಿದ ಒಂದು ದಿನ ತೋರಿಸು, ಕುರ್ಚಿ ಬಿಟ್ಟು ಏಳ್ತೀನಿ.

ವರ್ಜಿಲ್ ಪ್ರಾಮಾಣಿಕವಾಗಿ ಯೋಚಿಸಿದ. ಸಿಗಲಿಲ್ಲ. ಮೇಲ್ಮನವಿ ಹಿಂತೆಗೆದುಕೊಂಡ, ಹಿಂತೆಗೆಯಲು ಸಭೆಯ ಒಪ್ಪಿಗೆ ಬೇಕೆಂದು ಚೆಸ್ಟರ್ ಹಟ ಹಿಡಿದ. ಕೊನೆಗೆ ಮೂಲ ನಿರ್ಣಯಕ್ಕೆ ಕೈ ಎತ್ತಿಸಿದಾಗ ಪರ ಒಂದು, ವಿರೋಧ ಒಂದು. ಸಮ ಬಂದಾಗ ಅಧ್ಯಕ್ಷರಿಗೆ ಮತ ಉಂಟೇ ಎಂದು ವರ್ಜಿಲ್ ಕ್ರಿಯಾಲೋಪ ಎತ್ತಿದ. ಚೆಸ್ಟರ್ ನಿಯಮದ ಪುಸ್ತಕ ತರಲು ಅಟ್ಟದ ಏಣಿ ಹತ್ತಿದ.

ಟೀವಿಯಲ್ಲಿ ಶಿಳ್ಳೆ ಕೇಳಿಸಿತು. ಒಂದು ಗಂಟೆ.

ಚೆಸ್ಟರ್ ಏಣಿಯ ಮೇಲೇ ನಿಂತ. ಕೆಳಗಿಳಿಯಲು ಮನಸ್ಸಾಗಲಿಲ್ಲ. ಹಲಗೆಯ ಭಾರ ಆಗಲೇ ಕತ್ತಿಗೆ ಬಂದ ಹಾಗಿತ್ತು. ಅದಕ್ಕಿಂತ ಒಳಗೆ ಇನ್ನೊಂದು ಕುಟುಕುತ್ತಿತ್ತು: ಆ ಹುಡುಗನನ್ನು ಯಜಮಾನರು ಹೋದ ವರ್ಷ ಕೂರಿಸಿದರು, ಈ ವರ್ಷ ನಾನು.

ವರ್ಜಿಲ್: ಮೆರವಣಿಗೆಗೆ ಒಳ್ಳೇ ಬೂಟು ತಗೋ. ಎರಡು ಮೈಲಿ ನಡಿಗೆ.

ಡಾರ್ಲೀನ್: ಇಳೀರಿ ಕೆಳಗೆ. ನೀವು ಮೇಲ್ಮನವಿ ಮಾಡ್ಕೊಳ್ತಿದ್ದಾಗಲೇ ಎಬ್ಬಿಸಿದೆ ಅವನನ್ನ.

ಅವಳು ಗಂಡನ ಫೋನನ್ನು ತನ್ನ ಅಂಗಿಯ ಜೇಬಿನಿಂದ ತೆಗೆದು ತೋರಿಸಿದಳು. ಮೇಬ್ರಿ ಆಡುವವರ ಸಾಲಿನಲ್ಲಿದ್ದ.

ವರ್ಜಿಲ್: ಮತ ಹಾಕೋಕೆ ಮುಂಚೆ? ಇದು ಸರ್ವಾಧಿಕಾರ.

ಡಾರ್ಲೀನ್: ಮುಷ್ಕರದಲ್ಲೂ ನಿಮ್ಮ ನಿರ್ಣಯ ಪಾಸಾಗಲಿ ಅಂತ ಕಾದಿದ್ದರೆ ಒಲೆ ಹತ್ತುತ್ತಿರಲಿಲ್ಲ. ತಟ್ಟೆ ಹಿಡಿ.

ಚೆಸ್ಟರ್ ಏಣಿಯಿಂದ ಇಳಿದು ಬಂದು ಅವಳ ತಲೆಗೆ ಮುತ್ತಿಟ್ಟ. ಆಟದ ಎರಡನೇ ನಿಮಿಷ. ಚೆಂಡು ಮೇಬ್ರಿ ಕೈಗೆ ಬಂತು. ಎಡಕ್ಕೆ ಬಾಗಿದ, ಒಬ್ಬನನ್ನು ತಪ್ಪಿಸಿದ, ಇನ್ನೊಬ್ಬ ಬಂದು ಗುದ್ದಿದ. ಚೆಂಡು ಸೋಪಿನ ಹಾಗೆ ಜಾರಿ ಎದುರಾಳಿಯ ಹೊಟ್ಟೆಯ ಕೆಳಗೆ ಸೇರಿತು.



ವರ್ಜಿಲ್: ಎರಡು ಅಂಕ ಕಟ್. ಸೋದರಿ ಅಧ್ಯಕ್ಷರಿಗೆ ವಂದನೆಗಳು.

ಡಾರ್ಲೀನ್: ಇನ್ನೂ ಐವತ್ತೆಂಟು ನಿಮಿಷ ಇದೆ. ತಿನ್ನು.

ಟೀವಿಯಲ್ಲಿ ಮೇಬ್ರಿ ಗೆರೆಯ ಹತ್ತಿರ ನಿಂತಿದ್ದ, ಹೆಲ್ಮೆಟ್ ತೆಗೆದಿರಲಿಲ್ಲ. ತರಬೇತುದಾರ ಅವನ ಮುಖ ನೋಡದೆ ಬೆರಳಲ್ಲಿ ಬೆಂಚು ತೋರಿಸಿದ.

ವರ್ಜಿಲ್: ಲೇ ಲೇ, ಒಂದು ಸಲ ಬಿಟ್ಟಿದ್ದಕ್ಕೆ ಕೂರಿಸ್ತಾನಾ? ಯಾವನಯ್ಯ ಇವನು, ನಮ್ಮ ಹಳೇ ಫೋರ್‌ಮನ್ ಅಣ್ಣನಾ? ಕೊಡೋ ಅವನಿಗೆ ಚೆಂಡು!

ಕೂಗಿದ ಮೇಲೆ ಅವನಿಗೇ ಗೊತ್ತಾಯಿತು. ಚಮಚ ಗಾಳಿಯಲ್ಲೇ ನಿಂತಿತು.

ಚೆಸ್ಟರ್: ಅವನು ಕೂತರೆ ನೀನು ಉಳೀತೀಯ ಕಣೋ.

ವರ್ಜಿಲ್: ಗೊತ್ತು. ಸೋದರಿ ಅಧ್ಯಕ್ಷರೇ, ನನ್ನ ಮತ ಬದಲಿಸ್ತೀನಿ.

ಡಾರ್ಲೀನ್: ಅವನು ಎದ್ದು ಓಡಿದರೆ ಹಲಗೆ ನಿನ್ನ ಕೊರಳಿಗೆ.

ವರ್ಜಿಲ್: ಗೊತ್ತು ಅಂದೆನಲ್ಲ. ಬರ್ಕೋ.

ಮೂರು ಕೈ ಮೇಲೆದ್ದವು. ಮೇಬ್ರಿ ಇನ್ನೂ ಕೂತಿಲ್ಲ. ತರಬೇತುದಾರ ಗಲ್ಲ ಕೆರೆದುಕೊಳ್ಳುತ್ತ ಯೋಚಿಸುತ್ತಿದ್ದಾನೆ; ಮೂರು ಕೈಗೆ ಅವನು ಬಗ್ಗುವುದಿಲ್ಲ. ಇದನ್ನು ಓದುತ್ತಿರೋ ನಿಮ್ಮ ಕೈ ಎಲ್ಲಿದೆ? ಜೇಬಿನಿಂದ ಹೊರಗೆ ತೆಗೀರಿ. ಎತ್ತಿ.