ಇಸ್ತ್ರಿಹಲಗೆಯ ಕವಚಧಾರಣೆ

ಕೇಳಿರಿ ಸಭಾಸದರೇ, ಕಿವಿಗೊಟ್ಟು ಕೇಳಿರಿ! ರವಿಕೆಯ ಬೆನ್ನು ತಿಂಗಳಿಗೊಂದು ಆಕಾರ ತಾಳುವ, ತೋಳು ಒಮ್ಮೆ ಮೊಣಕೈಗಿಳಿದು ಒಮ್ಮೆ ಭುಜಕ್ಕೇರುವ ಈ ಘೋರ ಕಲಿಯುಗದಲ್ಲಿ, ತಿಪಟೂರೆಂಬ ಪುರದ ಒಂದು ಅಡ್ಡರಸ್ತೆಯಲ್ಲಿ, ಕರ್ತರೀಹಸ್ತೆಯೂ ಸೂಚೀಸಮರನಿಪುಣೆಯೂ ಟೇಪುಕಂಠಾಭರಣೆಯೂ ಆದ ಸರ್ವಮಂಗಳಮ್ಮನೆಂಬ ವೀರವನಿತೆ ತನ್ನ ಹೊಲಿಗೆಕೋಣೆಯನ್ನು ಧರ್ಮದಿಂದ ಆಳುತ್ತಿದ್ದಳು. ಆಕೆಯ ಪತಿ ಸ್ತಂಭಾರೋಹಣಧುರಂಧರ ಫಾಲಾಕ್ಷಯ್ಯ, ನಿವೃತ್ತ ಲೈನ್‌ಮನ್. ಮನೆಯಲ್ಲಿ ಏರಲು ಕಂಬವಿಲ್ಲದ ಕಾರಣ ಈಗ ಸುಮ್ಮನೆ ಕೂತಿರುತ್ತಿದ್ದ.

ಹಿಂದೆ ಆತನೇ ಬಚ್ಚಲುಮನೆಯ ಹಳೆಯ ಬಾಗಿಲನ್ನು ಕೊಯ್ದು, ಕರಿಕಂಬಳಿಯ ಎರಡು ಮಡಿಕೆ ಹಾಸಿ, ಮೇಲೊಂದು ಪಂಚೆ ಬಿಗಿದು ನಿರ್ಮಿಸಿದ್ದ ಇಸ್ತ್ರಿಹಲಗೆಯೇ ಆ ಕೋಣೆಯ ಸುಕ್ಕುಸಂಹಾರಕ್ಷೇತ್ರ. ಆದರೆ ಅಯ್ಯೋ ವಿಧಿಯೇ! ಆ ಶುಕ್ರವಾರ ನೀರು ಚಿಮುಕಿಸಿದ್ದೇ ತಡ, ಪಂಚೆಯ ಸುಟ್ಟ ಕಲೆ ಕರಗಿ ಒಂದು ಲೈನಿಂಗ್ ತುಂಡಿನ ಮೇಲೆ ಕಂದುಬಣ್ಣ ಇಳಿಸಿತು. ಪಕ್ಕದಲ್ಲೇ ಮದುಮಗಳು ಸಿಂಚನಾಳ ಆರತಕ್ಷತೆಯ ರವಿಕೆ ಇಸ್ತ್ರಿಗೆ ಕಾದಿತ್ತು. ಹಾಲುಬಿಳುಪಿನ ರೇಷ್ಮೆ, ಸೀರೆಯಿಂದಲೇ ಕತ್ತರಿಸಿದ್ದು. ಕಲೆಯಾದರೆ ಅಂಥದೇ ಬಟ್ಟೆ ಮೂರು ಲೋಕದಲ್ಲೂ ಸಿಗುವಂತಿರಲಿಲ್ಲ. ಸಂಜೆ ಐದಕ್ಕೆ ಮದುಮಗಳು ಬರುವವಳಿದ್ದಳು.

"ಏಳ್ರೀ ಮೇಲೆ! ಸುತ್ತಿಗೆ ತನ್ನಿ. ಹಲಗೆಗೆ ಹೊಸ ಬಟ್ಟೆ ಹೊದಿಸ್ಬೇಕು."

ಫಾಲಾಕ್ಷಯ್ಯ ಹೊಸ ಕೋರಾ ಬಟ್ಟೆಯನ್ನು ಮುಟ್ಟಿ ನೋಡಿದ. ಗಂಜಿಯಿಂದ ಅದು ಹಪ್ಪಳದಂತೆ ಗರಗರ ಎನ್ನುತ್ತಿತ್ತು.

"ಇದನ್ನ ನೆನೆಸೇ ಇಲ್ವಲ್ಲೇ ಮಂಗಳಾ? ನೆನೆಸದೇ ಇರೋ ಲೈನಿಂಗ್ ತಂದೋರ್ನ ನೀನು ಬಾಗ್ಲಿಂದಾನೇ ವಾಪಸ್ ಕಳಿಸ್ತೀಯ, ಕುಗ್ಗುತ್ತೆ ಅಂತ."

ಆಗ ಆ ಟೇಪುಕಂಠಾಭರಣೆ ಕತ್ತರಿಯನ್ನು ಗಗನಕ್ಕೆತ್ತಿ ಗರ್ಜಿಸಿದಳು: "ಯಾರಿಗ್ರೀ ಹೇಳ್ತಿದೀರಾ? ಮೂವತ್ತು ವರ್ಷದಿಂದ ಈ ಊರಿನ ಅರ್ಧ ಹೆಂಗಸ್ರ ಅಳತೆ ನನ್ನ ನಾಲಿಗೆ ತುದೀಲಿದೆ! ಎಲ್ಲೆಲ್ಲೋ ಹೊಲಿಯೋಕೆ ಕೊಟ್ಟು ರವಿಕೆ ತೋಳು ಕೆಡಿಸ್ಕೊಂಡು ಅಳ್ತಾ ಬಂದೋರ್ನ ನಗಿಸಿ ಕಳ್ಸಿರೋಳು ನಾನು! ಮೈಮೇಲೆ ಹಾಕ್ಕೊಳೋ ಬಟ್ಟೆ ಕುಗ್ಗಿದ್ರೆ ಕಷ್ಟ ಕಣ್ರೀ. ಹಲಗೆಗೆ ಮೊಳೆ ಹೊಡೆದಿದ್ದು ಎಲ್ಲಿಗೆ ಓಡ್ಹೋಗುತ್ತೆ?"

"ಆಯ್ತು ಮಹಾರಾಯ್ತಿ," ಎಂದು ಫಾಲಾಕ್ಷಯ್ಯ ನಾಲ್ಕು ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡ. ಬಾಯಲ್ಲಿ ಮೊಳೆ ಇಟ್ಟುಕೊಂಡವನು ವಾದಕ್ಕೆ ನಿಲ್ಲುವಂತಿಲ್ಲ.

ಆಮೇಲಿನ ಸಮರವನ್ನು ಏನೆಂದು ಬಣ್ಣಿಸಲಿ! ಈಕೆ ಎಳೆದಳು, ಆತ ಬಡಿದ. ಈಕೆ ಮಂಡಿಯೂರಿ ಎಳೆದಳು, ಆತನ ಹೆಬ್ಬೆರಳಿಗೇ ಏಟು ಬಿತ್ತು. ಅಂಚಿನುದ್ದಕ್ಕೂ ಅರವತ್ತು ಮೊಳೆ ಇಳಿದಾಗ ಬಟ್ಟೆ ತಮಟೆಯಂತೆ ಬಿಗಿದು ನಿಂತಿತ್ತು. ಮೊದಲು ಬರಿ ಹಲಗೆಯನ್ನೇ ಹದಮಾಡೋಣವೆಂದು ಸರ್ವಮಂಗಳಮ್ಮ ಸೆರಗು ಸಿಕ್ಕಿಸಿ, ಚೊಂಬಿನ ನೀರು ಧಾರಾಳವಾಗಿ ಚಿಮುಕಿಸಿ, ಉಗ್ರತಾಪಿಯಾದ ಇಸ್ತ್ರಿಪೆಟ್ಟಿಗೆಯನ್ನು ಒತ್ತಿದಳು. ಭುಸ್ಸೆಂದು ಆವಿ ಎದ್ದಿತು.

ಟಪ್! ಒಂದು ಮೊಳೆ ಹಾರಿತು. ಟಪ್, ಟಪ್, ಟಪಟಪಟಪ! ಒಂದು ಬದಿಯಿಡೀ ಕಿತ್ತುಬಂದು ಕವಚ ಮುದುರಿಕೊಂಡಿತು, ಕರಿಕಂಬಳಿ ಇಣುಕಿತು. ಹೂಮಳೆ ಸುರಿಸಲು ದೇವತೆಗಳೇನಾದರೂ ಬಂದಿದ್ದರೆ ಸದ್ದಿಲ್ಲದೆ ವಾಪಸು ಹೋಗಿರಬೇಕು.

ಸರ್ವಮಂಗಳಮ್ಮನಿಗೆ ಅಳುವೇ ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಗಂಟೆ ಆಗಲೇ ನಾಲ್ಕೂವರೆ.

"ನಗ್ಬೇಡಿ," ಎಂದಳು.

"ನಾನೆಲ್ಲಿ ನಕ್ಕೆ?" ಎಂದ ಆತ, ಮೀಸೆಯಡಿ ನಗುತ್ತಲೇ. ಎದ್ದುಹೋಗಿ ಊಟದ ಮೇಜಿನ ಮೇಲೆ ಜಮಖಾನವನ್ನು ನಾಲ್ಕು ಮಡಿಕೆ ಹಾಸಿ, ಒಗೆದ ಬಿಳಿ ಟವಲು ಹರಡಿದ. ಆಕೆ ಅದರ ಮೇಲೆ ರವಿಕೆಗೆ ಇಸ್ತ್ರಿ ಮಾಡಿದಳು. ಕಲೆಯಿಲ್ಲ, ಒಂದೇ ಒಂದು ಸುಕ್ಕಿಲ್ಲ!

ಐದಕ್ಕೆ ಸರಿಯಾಗಿ ಸಿಂಚನಾ ಹೆಲ್ಮೆಟ್ಟನ್ನೂ ತೆಗೆಯದೆ ಒಳಬಂದಳು. ಸರ್ವಮಂಗಳಮ್ಮ ಎರಡೂ ಅಂಗೈ ಮೇಲಿಟ್ಟು ನೀಡಿದ ರವಿಕೆಯನ್ನು, "ಸೂಪರ್ ಆಂಟಿ!" ಎಂದವಳೇ ಮುದುರಿ ಕೈಚೀಲಕ್ಕೆ ತುರುಕಿದಳು.

"ಅಯ್ಯಯ್ಯೋ, ಇಸ್ತ್ರಿ ಕಣಮ್ಮಾ!"

"ಇರ್ಲಿ ಬಿಡಿ ಆಂಟಿ, ಪಾರ್ಲರ್‌ನಲ್ಲಿ ಸೀರೆ ಜೊತೆ ಇದನ್ನೂ ಐರನ್ ಮಾಡ್ತಾರೆ." ಸ್ಕೂಟರು ಹೊರಟೇಹೋಯಿತು.

ವೀರವನಿತೆ ಬಾಗಿಲಲ್ಲೇ ನಿಂತು ಕೊರಳ ಟೇಪನ್ನು ತೆಗೆದು ಸುತ್ತಿಕೊಂಡಳು. ಬಳಿಕ ಒಳಗೆ ಬಂದು, ತನ್ನ ಜೀವಮಾನದಲ್ಲೇ ಅತಿ ಕಠಿಣವಾದ ಸಾಹಸಕ್ಕೆ ಕೈಹಾಕಿದಳು.

"ರೀ, ನೀವು ಹೇಳಿದ್ದೇ ಸರಿ," ಎಂದಳು, ಗೋಡೆಗೆ ಮುಖ ಮಾಡಿ.

"ಏನಂದೆ? ಇನ್ನೊಂದ್ಸಲ ಹೇಳು."

"ಪೊರಕೆ ಎಲ್ಲಿದೆ ಅಂದೆ."

ಅಲ್ಲಿಗೆ ಮಹಾಸಮರ ಮುಗಿಯಿತು. ಮೂಲೆಮೂಲೆಗೆ ಹಾರಿದ ಮೊಳೆ ಗುಡಿಸುವುದೊಂದು ಉಳಿಯಿತು.