ಮಣಿಕಟ್ಟು ಇನ್ನೂ ಕಾಯಿ

ಏರ್ ಪಿಸ್ತೂಲು ಸ್ಪರ್ಧೆಗಳಲ್ಲಿ ಆಗುವ ಸೋಲಿಗೆಲ್ಲ ಮೈಬಿಗಿತವೇ ಕಾರಣವೆಂದು ಶೂಟಿಂಗ್ ಸಂಘದ ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿತು. ಸಭೆಯಲ್ಲಿ ಪಿಸ್ತೂಲು ಹಿಡಿದು ಗೊತ್ತಿದ್ದವರು ಯಾರೂ ಇರದ ಕಾರಣ ಚರ್ಚೆ ಸುಗಮವಾಗಿ ನಡೆಯಿತು. "ಸ್ಪರ್ಧಿಯ ಯಾವುದೇ ಸ್ನಾಯು ಪೂರ್ವಾನುಮತಿಯಿಲ್ಲದೆ ಬಿಗಿಯತಕ್ಕದ್ದಲ್ಲ" ಎಂಬ ಆದೇಶ ಹೊರಟಿತು. ಸಡಿಲಿಕೆ ಪರಿವೀಕ್ಷಕರ ಹುದ್ದೆಗೆ ಒಬ್ಬ ಹಣ್ಣಿನ ವ್ಯಾಪಾರಿಯನ್ನು ನೇಮಿಸಲಾಯಿತು. ಒತ್ತಿ ನೋಡುವುದರಲ್ಲಿ ಅವರಿಗೆ ಬಹಳ ವರ್ಷಗಳ ಅನುಭವವಿತ್ತು.

ಆಯ್ಕೆಗೆ ಬಂದವರಲ್ಲಿ ಗುರಿಗೆ ಹೆಸರಾದವಳು ಒಬ್ಬ ಬಸ್ ಕಂಡಕ್ಟರ್. ಓಡುವ ಬಸ್ಸಿನಲ್ಲಿ ಕಂಬ ಹಿಡಿಯದೆ ಟಿಕೆಟ್ ಹರಿದು ಪಳಗಿದ ಕಾಲುಗಳು ಅವಳವು. ಮನೆಯಲ್ಲಿ ಅವಳ ಅತ್ತೆ, ನೀರು ತುಂಬಿದ ಚೊಂಬನ್ನು ಸೊಸೆಯ ಚಾಚಿದ ಕೈಗೆ ಕೊಟ್ಟು, ತಾವು ತರಕಾರಿ ಹೆಚ್ಚಿ ಮುಗಿಸುವವರೆಗೂ ನಿಲ್ಲಿಸುತ್ತಿದ್ದರು. ಇದ್ದಬದ್ದ ರಜೆಯನ್ನೆಲ್ಲ ಅವಳು ಈ ಆಯ್ಕೆಗೇ ಸುರಿದಿದ್ದಳು.

ಅವಳು ಎಡಗೈ ಜೇಬಿಗಿಳಿಸಿ, ಕಾಲು ಅಗಲಿಸಿ ನಿಂತು ಗುಂಡು ಹಾರಿಸಿದಳು. ಸರಿಯಾಗಿ ನಡುವಿಗೇ ಬಿತ್ತು. ಪ್ರಯತ್ನಪಟ್ಟಿರುವುದಕ್ಕೆ ಇದು ಸ್ಪಷ್ಟ ಲಕ್ಷಣವೆಂದು ಸಮಿತಿ ಆಕ್ಷೇಪಿಸಿತು. ಪರಿವೀಕ್ಷಕರು ಭುಜ ಒತ್ತಿದರು, ಮೆತ್ತಗಿತ್ತು. ಮಂಡಿಯೂ ಮೆತ್ತಗೇ ಇತ್ತು. ಕೊನೆಗೆ, "ಮಣಿಕಟ್ಟು ಇನ್ನೂ ಕಾಯಿ" ಎಂದು ವರದಿ ಕೊಟ್ಟರು.

"ಮಣಿಕಟ್ಟು ಬಿಗಿ ಇಲ್ಲದಿದ್ರೆ ಪಿಸ್ತೂಲು ಬಿದ್ದುಹೋಗುತ್ತೆ ಸಾರ್," ಅಂದಳು.

"ಬೀಳಲಿ ಬಿಡಮ್ಮ," ಎಂದರು ಕಾರ್ಯದರ್ಶಿಗಳು. "ಬೀಳೋದಕ್ಕೆ ನಿಯಮದಲ್ಲಿ ಅಡ್ಡಿ ಇಲ್ಲ."

ಅವಳು ಅನರ್ಹಳಾದಳು. ಮೂಲೆಗೆ ಹೋಗಿ ಕಣ್ಣೊರೆಸಿಕೊಂಡಳು. ಅದಕ್ಕೂ ಒಂದಷ್ಟು ಸ್ನಾಯು ಬಿಗಿಯಾದದ್ದನ್ನು ಪರಿವೀಕ್ಷಕರು ಗಮನಿಸಿದರು.

ಅಧ್ಯಕ್ಷರ ಭಾಮೈದ ಏಸಿಯ ತಂಪಿಗೆಂದು ಒಳಗೆ ಬಂದವನು ಗೋಡೆಗೊರಗಿ, ನಿಂತಲ್ಲೇ ಗೊರಕೆ ಹೊಡೆಯುತ್ತಿದ್ದ. ಪರಿವೀಕ್ಷಕರು ಅವನನ್ನು ಅಡಿಯಿಂದ ಮುಡಿಯವರೆಗೆ ಒತ್ತಿ ನೋಡಿದರು. "ಪೂರ್ತಿ ಮಾಗಿದ್ದಾರೆ" ಎಂದರು. ಅವನ ಕೈಗೆ ಪಿಸ್ತೂಲು ಇಟ್ಟರು, ಬಿತ್ತು. ಸಮಿತಿ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಗೋಡೆ ಬಿಡಿಸಿದರೆ ಆಯ್ಕೆಯಾದವನು ಉರುಳುವ ಸಂಭವವಿದ್ದುದರಿಂದ, ಆ ಕಂಡಕ್ಟರನ್ನೇ ಆಧಾರ ಸಿಬ್ಬಂದಿಯಾಗಿ ನೇಮಿಸಲಾಯಿತು. ಸಿಬ್ಬಂದಿಯ ಬಿಗಿತಕ್ಕೆ ನಿಯಮ ಅನ್ವಯಿಸುತ್ತಿರಲಿಲ್ಲ. ಫೈನಲ್‌ನಲ್ಲಿ ಅವಳು ಹಿಂದಿನಿಂದ ಅವನನ್ನು ಎಡಗೈಯಲ್ಲಿ ಆನಿಸಿ ಹಿಡಿದುಕೊಂಡಳು. ಪಿಸ್ತೂಲು ಮತ್ತೆ ಮತ್ತೆ ಬೀಳುತ್ತಿದ್ದರಿಂದ ಅದನ್ನು ಹಿಡಿಯುವ, ಗುರಿಯಿಡುವ, ಟ್ರಿಗರ್ ಒತ್ತುವ ಸಣ್ಣಪುಟ್ಟ ಕೆಲಸಗಳನ್ನೂ ಸಿಬ್ಬಂದಿಗೇ ವಹಿಸಲಾಯಿತು. ಅವಳು ಅವನ ಕಂಕುಳ ಕೆಳಗಿಂದ ಬಲಗೈ ತೂರಿಸಿ ಹೊಡೆದಳು. ಒಂದು ಗುಂಡೂ ನಡು ಬಿಟ್ಟು ಆಚೆಗೆ ಹೋಗಲಿಲ್ಲ. ಅವಳಿಗೆ ಖುಷಿಯಾಗಿ ನಗು ಉಕ್ಕಿತು. ಚಾಂಪಿಯನ್ ಕುಲುಕಾಡದಂತೆ ಅದನ್ನು ನುಂಗಿಕೊಂಡಳು.

ಚಿನ್ನದ ಪದಕವನ್ನು ಅವನ ಕೊರಳಿಗೆ ಹಗುರವಾಗಿ ಹಾಕಿದರು. ದೇಶವು ಇಷ್ಟು ನಿರಾಳವಾಗಿ ಎಂದೂ ಗೆದ್ದಿರಲಿಲ್ಲವೆಂದು ಅಧ್ಯಕ್ಷರು ಪಿಸುಮಾತಿನಲ್ಲಿ ಭಾಷಣ ಮಾಡಿದರು. ಅಷ್ಟರಲ್ಲಿ ಒಬ್ಬ ಫೋಟೋಗ್ರಾಫರ್ ದಡಬಡನೆ ಮುಂದೆ ಬಂದ. ಸೊಸೆಯನ್ನು ನೋಡಲು ಬಂದಿದ್ದ ಅತ್ತೆ ಅವನ ತೋಳು ಹಿಡಿದೆಳೆದರು.

"ಮೆಲ್ಲಗೆ ಕಣಪ್ಪಾ. ಎಚ್ಚರ ಆದ್ರೆ ನನ್ನ ಸೊಸೆ ಕೆಲಸ ಹೋಗುತ್ತೆ."

ಅವನು ಕ್ಷಮೆ ಕೇಳಿ, ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಸಭಿಕರೂ ಒಬ್ಬೊಬ್ಬರಾಗಿ ಬಿಚ್ಚಿದರು.